ಮೇಲ್ ಪೆಲ್ವಿಸ್ ಮಾಡೆಲ್: ಸೀಳಿದ ಮುಖ ಆಮೇಲೆ ನೋಡಿ, ಮೊದಲು ಬೆನ್ನು ತಿರುಗಿಸಿ

ಸೊಂಟದಿಂದ ತೊಡೆಯ ಬುಡದವರೆಗೆ ಗಂಡಸಿನ ದೇಹ, ಗರಗಸ ಇಟ್ಟು ನಟ್ಟನಡುವೆ ಸೀಳಿದ ಹಾಗೆ. ಕೆಳಗೊಂದು ಹಲಗೆ, ಮೈತುಂಬ ಸಣ್ಣ ಸಣ್ಣ ಅಂಕಿ, ಜೊತೆಗೆ ಆ ಅಂಕಿಗಳ ಅರ್ಥ ಹೇಳುವ ಒಂದು ಕಾರ್ಡು. ಪಿಯು ಕಾಲೇಜಿನ ಬಯಾಲಜಿ ಲ್ಯಾಬು, ನರ್ಸಿಂಗ್ ಸ್ಕೂಲು, ಕುಟುಂಬ ಯೋಜನೆಯ ಸಲಹಾ ಕೊಠಡಿ, ಎಲ್ಲಿ ಹೋದರೂ ಬೀರುವಿನೊಳಗೆ ಇದು ಸಿಗುತ್ತದೆ; ಬಹಳ ಕಡೆ ಮೇಲೊಂದು ಬಟ್ಟೆ ಹೊದಿಸಿ ಬೀಗ ಹಾಕಿದ ಸ್ಥಿತಿಯಲ್ಲಿ. ಇಂಡೆಂಟಿನಲ್ಲಿ ಇದರ ಹೆಸರು ‘ಮೇಲ್ ಪೆಲ್ವಿಸ್ ಸೆಕ್ಷನ್’.

ಈ ವಿಮರ್ಶೆ ಒಂದು ಕಂಪನಿಯ ಮಾಲಿನದ್ದಲ್ಲ. ಹರಿಯಾಣದ ಅಂಬಾಲ ಕಡೆಯಿಂದ ಬರುವುದಾಗಲಿ, ಚೀನಾದ ಅಚ್ಚಿನಲ್ಲಿ ತಯಾರಾದದ್ದಾಗಲಿ, ಜೀವಗಾತ್ರದ, ಎರಡರಿಂದ ನಾಲ್ಕು ಭಾಗಗಳಾಗಿ ಬಿಚ್ಚಿಕೊಳ್ಳುವ ಪಿವಿಸಿ ಮಾಡೆಲ್‌ಗಳು ಹೆಚ್ಚುಕಡಿಮೆ ಒಂದೇ ಜಾತಿ. ಗುಣವೂ ಒಂದೇ ತರಹ, ದೋಷವೂ ಒಂದೇ ತರಹ. ಜರ್ಮನಿಯ ಸೋಮ್ಸೊ, ತ್ರೀಬಿ ಸೈಂಟಿಫಿಕ್ ಮಾಲು ಬೇರೆ ದರ್ಜೆಯದು, ಬೆಲೆಯೂ ಹಲವು ಪಟ್ಟು. ಮೆಡಿಕಲ್ ಕಾಲೇಜಿನ ಮ್ಯೂಸಿಯಮ್ಮಿಗೆ ಅದು ಸರಿ, ಪಿಯು ಕಾಲೇಜಿನ ಬಜೆಟ್ಟಿಗೆ ಎಟುಕುವುದಿಲ್ಲ. ಹಾಗಾಗಿ ಇಲ್ಲಿ ಮಾತು ಸಾಧಾರಣ ಮಾಡೆಲ್ ಬಗ್ಗೆ ಮಾತ್ರ.

ನಮ್ಮ ತಕರಾರು ಒಂದೇ. ನಟ್ಟನಡುವೆ ಸೀಳಿದರೆ ಕಾಣಬೇಕಾದದ್ದು ನಟ್ಟನಡುವೆ ಇರುವ ಅಂಗಗಳು ಮಾತ್ರ: ಮುಂದೆ ಪ್ಯೂಬಿಕ್ ಮೂಳೆಯ ಕೂಡುಗೆರೆ, ಅದರ ಹಿಂದೆ ಮೂತ್ರಕೋಶ, ಕೆಳಗೆ ಪ್ರಾಸ್ಟೇಟ್ ಗ್ರಂಥಿ, ಅದರೊಳಗಿಂದ ಹಾದು ಮೂತ್ರವನ್ನು ಹೊರಗೊಯ್ಯುವ ಯುರೆಥ್ರಾ, ಹಿಂದೆ ಗುದನಾಳ, ಅದಕ್ಕೂ ಹಿಂದೆ ತ್ರಿಕಾಸ್ಥಿ. ಇಷ್ಟನ್ನು ಅಗ್ಗದ ಮಾಡೆಲ್ ಕೂಡ ಚೆನ್ನಾಗಿಯೇ ತೋರಿಸುತ್ತದೆ. ಆದರೆ ವೃಷಣ ಎರಡು, ಅವಕ್ಕೆ ಅಂಟಿದ ಸುರುಳಿ ನಾಳವಾದ ಎಪಿಡಿಡಿಮಿಸ್ ಎರಡು, ವೀರ್ಯನಾಳ ಎರಡು, ವೀರ್ಯಕ್ಕೆ ದ್ರವ ಕೊಡುವ ಗ್ರಂಥಿಯಾದ ಸೆಮಿನಲ್ ವೆಸಿಕಲ್ ಎರಡು. ಇವೆಲ್ಲ ಮಧ್ಯರೇಖೆಯ ಆಚೆ ಈಚೆ ಇರುವಂಥವು. ನಿಜವಾಗಿ ನಡುವೆ ಸೀಳಿದರೆ ವೃಷಣಚೀಲದಲ್ಲಿ ಸಿಗುವುದು ಎರಡು ವೃಷಣಗಳ ನಡುವಿನ ತೆಳು ಗೋಡೆ, ವೃಷಣವಲ್ಲ. ಮಾಡೆಲ್ ಮಾಡುವವರು ಏನು ಮಾಡಿದ್ದಾರೆಂದರೆ, ಪಠ್ಯಪುಸ್ತಕದ ಚಪ್ಪಟೆ ಚಿತ್ರವನ್ನೇ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಿದ್ದಾರೆ. ಪಕ್ಕದಲ್ಲಿರುವ ಅಂಗಗಳನ್ನೆಲ್ಲ ಎಳೆದು ತಂದು ಸೀಳಿದ ಮುಖದ ಮೇಲೆ ಅಂಟಿಸಿದ್ದಾರೆ. ಪುಸ್ತಕದ ಚಿತ್ರ ನೋಡಿ ಮೂಡಿದ ತಪ್ಪು ಕಲ್ಪನೆಯನ್ನು ಕಳೆಯಲಿ ಎಂದು ತರಿಸಿದ ಮಾಡೆಲ್ಲೇ ಅದನ್ನು ಗಟ್ಟಿ ಮಾಡುತ್ತದೆ.

ಆದ್ದರಿಂದ ಡಬ್ಬ ಬಿಚ್ಚಿದ ಕೂಡಲೇ ಮಾಡೆಲ್ಲನ್ನು ತಿರುಗಿಸಿ. ನಾಲ್ಕು ಭಾಗದ್ದಾದರೆ ಮೂತ್ರಕೋಶ ಮತ್ತು ಪ್ರಾಸ್ಟೇಟ್ ಸೇರಿದ ತುಂಡನ್ನು ಹೊರತೆಗೆದು ಅದರ ಬೆನ್ನು ನೋಡಿ. ಅಲ್ಲಿ ನಡುವಿಗೆ ಹತ್ತಿರ ಎರಡು ವೀರ್ಯನಾಳಗಳ ಉಬ್ಬಿದ ತುದಿಗಳು ಕೆಳಮುಖವಾಗಿ ಇಳಿದು ಬಂದಿರಬೇಕು. ಅವುಗಳ ಹೊರಮಗ್ಗುಲಲ್ಲಿ ಗಂಟುಗಂಟಾದ ಎರಡು ಸೆಮಿನಲ್ ವೆಸಿಕಲ್‌ಗಳು ಓರೆಯಾಗಿ ಕೂತಿರಬೇಕು. ಮೊಲದ ಕಿವಿಯ ಹಾಗೆ, ಮೇಲೆ ಅಗಲವಾಗಿ ಕೆಳಗೆ ಹತ್ತಿರವಾಗಿ. ವೀರ್ಯನಾಳ ಒಳಗೆ, ವೆಸಿಕಲ್ ಹೊರಗೆ, ಈ ಕ್ರಮ ತಪ್ಪಿದ್ದರೆ ವಾಪಸು ಕಳಿಸಿ. ಬೆನ್ನು ಬರೀ ನುಣುಪಾದ ಗುಲಾಬಿ ಬಣ್ಣದ ಗೋಡೆಯಾಗಿದ್ದರೂ ಅಷ್ಟೇ. ಅಂಥದ್ದಕ್ಕೆ ಕೊಡುವ ದುಡ್ಡಿನಲ್ಲಿ ಒಳ್ಳೆಯ ಗೋಡೆಚಿತ್ರ ಬರುತ್ತದೆ, ಧೂಳು ಒರೆಸುವ ಕೆಲಸವೂ ಉಳಿಯುತ್ತದೆ.

ಎರಡನೆಯ ಪರೀಕ್ಷೆ ಯುರೇಟರ್. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವ ಈ ನಾಳದ ತುದಿಯನ್ನಾದರೂ ತೋರಿಸಿದ್ದಾರೆಯೇ ನೋಡಿ. ಏಕೆಂದರೆ ವೀರ್ಯನಾಳದ ದಾರಿ ಅರ್ಥವಾಗುವುದೇ ಯುರೇಟರ್ ಇದ್ದಾಗ. ವೃಷಣದಿಂದ ಹೊರಟ ವೀರ್ಯನಾಳ ನೇರವಾಗಿ ಯುರೆಥ್ರಾಕ್ಕೆ ಹೋಗುವುದಿಲ್ಲ. ಮೇಲೆ ಹತ್ತಿ, ತೊಡೆಸಂದಿಯ ಕಾಲುವೆಯೊಳಗೆ ಸುಮಾರು 4 ಸೆಂ.ಮೀ. ಸಾಗಿ, ಹೊಟ್ಟೆಯೊಳಗೆ ಹೊಕ್ಕು, ಮೂತ್ರಕೋಶದ ಪಕ್ಕದಿಂದ ಹಿಂದಕ್ಕೆ ತಿರುಗಿ, ಯುರೇಟರಿನ ಮೇಲೆ ದಾಟಿ, ಆಮೇಲೆ ಕೆಳಗಿಳಿಯುತ್ತದೆ. ಪಕ್ಕದ ಮನೆಗೆ ಹೋಗಲು ಊರು ಸುತ್ತಿದ ಹಾಗೆ. ಇದಕ್ಕೆ ಕಾರಣ ಭ್ರೂಣಾವಸ್ಥೆಯಲ್ಲಿದೆ. ವೃಷಣಗಳು ಹುಟ್ಟುವುದು ಹೊಟ್ಟೆಯೊಳಗೆ, ಮೂತ್ರಪಿಂಡಗಳ ಹತ್ತಿರ. ಅಲ್ಲಿಂದ ಚೀಲಕ್ಕೆ ಇಳಿಯುವಾಗ ತಮ್ಮ ನಾಳ, ರಕ್ತನಾಳ, ನರ ಎಲ್ಲವನ್ನೂ ಹಿಂದೆ ಎಳೆದುಕೊಂಡೇ ಬರುತ್ತವೆ. ವೃಷಣದ ಅಪಧಮನಿ ಇಂದಿಗೂ ಹೊಟ್ಟೆಯ ಮಹಾಪಧಮನಿಯಿಂದಲೇ ಹೊರಡುವುದು ಇದೇ ಕಾರಣಕ್ಕೆ. ಕಿಡ್ನಿ ಕಲ್ಲಿನ ನೋವು ವೃಷಣಕ್ಕೆ ಹರಿಯುವುದೂ ಈ ಹಳೆಯ ನೆರೆಹೊರೆಯಿಂದಲೇ: ಎರಡರ ನರಗಳೂ ಬೆನ್ನುಹುರಿಯ ಒಂದೇ ಮಟ್ಟಕ್ಕೆ ಸೇರುತ್ತವೆ.

ಹೆಸರಿನ ಗೊಂದಲ ಒಂದು ಇಲ್ಲೇ ಹೇಳಿಬಿಡಬೇಕು. ಕನ್ನಡದಲ್ಲಿ ‘ಮೂತ್ರನಾಳ’ ಎಂದರೆ ಕೆಲವು ಪುಸ್ತಕಗಳಲ್ಲಿ ಯುರೇಟರ್, ಕೆಲವದರಲ್ಲಿ ಯುರೆಥ್ರಾ. ಇಂಗ್ಲಿಷ್ ಕಾರ್ಡಿನಲ್ಲೂ ಒಂದೆರಡು ಅಕ್ಷರದ ವ್ಯತ್ಯಾಸ ಅಷ್ಟೆ, ಅಚ್ಚಿನ ತಪ್ಪಿಗೆ ಬಾಗಿಲು ತೆರೆದೇ ಇದೆ. ಮಾಡೆಲ್ ಜೊತೆ ಬರುವ ಕಾರ್ಡಿನಲ್ಲಿ ಮೊದಲು ಈ ಎರಡು ಹೆಸರುಗಳ ಅಂಕಿ ತಾಳೆ ನೋಡಿ. ತರಗತಿಯಲ್ಲಿ ಇಂಗ್ಲಿಷ್ ಹೆಸರನ್ನೇ ಬಳಸುವುದು ಕ್ಷೇಮ. ನಾವೂ ಇಲ್ಲಿ ಅದನ್ನೇ ಮಾಡಿದ್ದೇವೆ.

ಇನ್ನು ವೃಷಣ. ಮಾಡೆಲ್‌ಗಳು ಅತಿ ಹೆಚ್ಚು ಎಡವುವುದು ಇಲ್ಲೇ. ಗಾತ್ರ ಸಾಮಾನ್ಯವಾಗಿ ಸರಿಯಿರುತ್ತದೆ: 4ರಿಂದ 5 ಸೆಂ.ಮೀ. ಉದ್ದ, 2ರಿಂದ 3 ಸೆಂ.ಮೀ. ಅಗಲ. ಸ್ಕೇಲ್ ಇಟ್ಟು ಅಳೆಯಿರಿ, ‘ಜೀವಗಾತ್ರ’ ಎನ್ನುವ ಮಾತು ನಿಜವೋ ಸುಳ್ಳೋ ಅಲ್ಲೇ ಗೊತ್ತಾಗುತ್ತದೆ. ಒಳಗೆ ಕಿತ್ತಳೆ ತೊಳೆಯ ಹಾಗೆ ಏಳೆಂಟು ಭಾಗಗಳನ್ನು ಬಣ್ಣದಲ್ಲಿ ಬರೆದಿರುತ್ತಾರೆ. ನಿಜದಲ್ಲಿ ಅಂಥ ಕೋಣೆಗಳು ಸುಮಾರು 250. ಒಂದೊಂದರಲ್ಲೂ ಒಂದರಿಂದ ಮೂರು ಸೆಮಿನಿಫೆರಸ್ ನಳಿಕೆಗಳು, ಬಿಡಿಸಿ ಎಳೆದರೆ ಒಂದೊಂದೂ ಅರ್ಧ ಮೀಟರಿನ ಆಸುಪಾಸು. ಜೀವಗಾತ್ರದ ಮಾಡೆಲ್ಲಿನಲ್ಲಿ ಇದನ್ನು ತೋರಿಸಲು ಸಾಧ್ಯವಿಲ್ಲ, ಅದಕ್ಕೆ ಮಾಡೆಲ್ಲನ್ನು ದೂರುವುದೂ ಸರಿಯಲ್ಲ. ಆದರೆ ಎಪಿಡಿಡಿಮಿಸ್ ವೃಷಣದ ಹಿಂಬದಿಗೆ ಅಂಟಿಕೊಂಡಿರಬೇಕು, ತಲೆ ಮೇಲೆ, ಬಾಲ ಕೆಳಗೆ. ಅಗ್ಗದ ಅಚ್ಚುಗಳಲ್ಲಿ ಅದು ಟೋಪಿಯ ಹಾಗೆ ನೆತ್ತಿಯ ಮೇಲೆ ಕೂತು ಮುಂದಕ್ಕೆ ಇಳಿದಿರುತ್ತದೆ. ಇದು ಸಣ್ಣ ತಪ್ಪಲ್ಲ. ನರ್ಸಿಂಗ್ ವಿದ್ಯಾರ್ಥಿ ವೃಷಣ ಮುಟ್ಟಿ ನೋಡುವಾಗ ಹಿಂದೆ ಸಿಗುವ ಮೆತ್ತನೆಯ ಉಬ್ಬು ಸಹಜವಾದದ್ದು, ವೃಷಣದ ಮೈಯಲ್ಲೇ ಸಿಗುವ ಗಟ್ಟಿ ಗಂಟು ಸಹಜವಲ್ಲ ಎಂದು ಕಲಿಯಬೇಕಾದದ್ದು ಇದೇ ಜಾಗದಲ್ಲಿ.

ಮಾಡೆಲ್‌ಗೆ ಎರಡು ಸಾಮಾನು ನೀವೇ ಸೇರಿಸಿಕೊಳ್ಳಿ, ಹತ್ತಿಪ್ಪತ್ತು ರೂಪಾಯಿಯ ಖರ್ಚು. ಒಂದು, 6 ಮೀಟರ್ ಹೊಲಿಗೆ ದಾರ. ಅದನ್ನು ಒಂದು ಬೆಂಕಿಕಡ್ಡಿಗೆ ಒತ್ತೊತ್ತಾಗಿ ಸುತ್ತಿ, ತುದಿ ಮಾತ್ರ ಬಿಡಿ. ಎಪಿಡಿಡಿಮಿಸ್ ಎಂದರೆ ಇದೇ: ಸುಮಾರು 6 ಮೀಟರ್ ಉದ್ದದ ಒಂದೇ ನಾಳ ಸುರುಳಿಸುರುಳಿಯಾಗಿ ಬೆರಳಿನಷ್ಟೂ ಇಲ್ಲದ ಜಾಗದಲ್ಲಿ ಅಡಗಿರುವುದು. ದಾರ ಬಿಚ್ಚಿ ತರಗತಿಯ ಈ ಗೋಡೆಯಿಂದ ಆ ಗೋಡೆಗೆ ಹಿಡಿದರೆ, ವೀರ್ಯಾಣುವಿಗೆ ಈಜು ಬರುವುದು ವೃಷಣದಲ್ಲಲ್ಲ, ಈ ದಾರಿ ಸವೆಸುವಾಗ ಎನ್ನುವುದನ್ನು ಬೇರೆ ವಿವರಿಸಬೇಕಾಗಿಯೇ ಇಲ್ಲ. ವೃಷಣದೊಳಗೆ ಒಂದು ವೀರ್ಯಾಣು ತಯಾರಾಗಲು ಸುಮಾರು 64ರಿಂದ 74 ದಿನ, ಆಮೇಲೆ ಎಪಿಡಿಡಿಮಿಸ್ಸಿನ ದಾರಿ. ಒಟ್ಟು ಮೂರು ತಿಂಗಳು ಎಂದಿಟ್ಟುಕೊಳ್ಳಿ. ಜೋರು ಜ್ವರ ಬಂದು ಹೋದವರ ವೀರ್ಯ ಪರೀಕ್ಷೆಯನ್ನು ಕೂಡಲೇ ನಂಬದೆ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಲು ಹೇಳುವುದು ಈ ಲೆಕ್ಕದ ಮೇಲೆ.

ಎರಡನೆಯ ಸಾಮಾನು, ಎಲೆಕ್ಟ್ರಿಕಲ್ ಅಂಗಡಿಯ ಒನ್ ಸ್ಕ್ವೇರ್ ವೈರು, 45 ಸೆಂ.ಮೀ. ವೀರ್ಯನಾಳದ ಉದ್ದವೂ ಅಷ್ಟೇ, ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಬೆರಳ ಸಂದಿನಲ್ಲಿ ಉರುಳಿಸಿದರೆ ಸಿಗುವ ಗಡಸು ಕೂಡ ಹತ್ತಿರ ಹತ್ತಿರ ಅದೇ, ಏಕೆಂದರೆ ನಾಳದ ಗೋಡೆ ದಪ್ಪ ಸ್ನಾಯುವಿನದು, ಒಳರಂಧ್ರ ಮಾತ್ರ ಕೂದಲೆಳೆಯಷ್ಟು. ವೈರನ್ನು ಮಾಡೆಲ್ಲಿನ ವೃಷಣದ ಹಿಂಭಾಗದಿಂದ ಆರಂಭಿಸಿ ತೊಡೆಸಂದಿ, ಮೂತ್ರಕೋಶದ ಪಕ್ಕ, ಹಿಂಭಾಗ, ಹೀಗೆ ಕೈಯಲ್ಲೇ ಹಾಯಿಸಿ ತೋರಿಸಿ. ಸೀಳಿದ ಮುಖದ ಮೇಲೆ ಬರೆದಿರುವ ನಾಳ ಹೆಚ್ಚೆಂದರೆ ಒಂದು ಗೇಣು ಬರುತ್ತದೆ. ವೈರು ಎರಡು ಗೇಣು. ಉಳಿದ ಗೇಣು ಎಲ್ಲಿ ಹೋಯಿತು ಎಂದು ಹುಡುಗರೇ ಕೇಳುತ್ತಾರೆ.

ಕುಟುಂಬ ಯೋಜನೆಯ ಕೊಠಡಿಗೆ ಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು. ಅಲ್ಲಿ ಬರುವವರ ಪ್ರಶ್ನೆ ಒಂದೇ: ಆಪರೇಷನ್ ಮಾಡಿಸಿದರೆ ಗಂಡಸುತನ ಹೋಗುತ್ತದೆಯೇ? ಹಳ್ಳಿಯವರಿಗೆ ಕಣ್ಣೆದುರಿಗಿರುವ ಉದಾಹರಣೆ ಎತ್ತಿನ ಬೀಜ ಒಡೆಸುವುದು, ಎರಡನ್ನೂ ಒಂದೇ ಎಂದುಕೊಂಡಿರುತ್ತಾರೆ. ಉತ್ತರ ಅಂಗರಚನೆಯಲ್ಲೇ ಇದೆ. ಬೀಜ ಒಡೆಸುವಾಗ ವೃಷಣಕ್ಕೆ ಹೋಗುವ ರಕ್ತನಾಳವೇ ಜಜ್ಜಿಹೋಗುತ್ತದೆ, ವೃಷಣ ಒಣಗುತ್ತದೆ. ಗಂಡಸರ ಸಂತಾನಹರಣ ಆಪರೇಷನ್ನಾದ ವ್ಯಾಸೆಕ್ಟಮಿಯಲ್ಲಿ ಕತ್ತರಿಸಿ ಕಟ್ಟುವುದು ವೀರ್ಯನಾಳ ಒಂದನ್ನೇ. ಗಂಡಸುತನದ ಹಾರ್ಮೋನಾದ ಟೆಸ್ಟೋಸ್ಟೆರಾನ್ ವೀರ್ಯನಾಳದಲ್ಲಿ ಹರಿಯುವುದೇ ಇಲ್ಲ. ನಳಿಕೆಗಳ ಸಂದಿಯಲ್ಲಿರುವ ಲೇಡಿಗ್ ಕೋಶಗಳಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ಇದನ್ನು ತೋರಿಸಲು ಮಾಡೆಲ್ಲಿನಲ್ಲಿ ವೀರ್ಯನಾಳದ ಪಕ್ಕ ಕೆಂಪು ಅಪಧಮನಿ, ಅದನ್ನು ಬಳ್ಳಿಯಂತೆ ಸುತ್ತಿಕೊಂಡ ನೀಲಿ ಅಭಿಧಮನಿಗಳ ಜಾಲ ಇರಬೇಕು. ಬಹುಪಾಲು ಅಗ್ಗದ ಮಾಡೆಲ್‌ಗಳಲ್ಲಿ ಇರುವುದಿಲ್ಲ, ಒಂದೇ ಒಂದು ಬಿಳಿ ಕೊಳವೆ ವೃಷಣದಿಂದ ಹೊರಟಿರುತ್ತದೆ. ಅದನ್ನು ಕತ್ತರಿಸಿದರೆ ಎಲ್ಲವೂ ಕತ್ತರಿಸಿದಂತೆ ಎಂದು ನೋಡಿದವರಿಗೆ ಅನ್ನಿಸದಿದ್ದರೆ ಆಶ್ಚರ್ಯ. ಸಮಾಲೋಚನೆಗೆಂದೇ ಕೊಳ್ಳುವುದಾದರೆ ರಕ್ತನಾಳ ಇಲ್ಲದ ಮಾಡೆಲ್ ಬೇಡವೇ ಬೇಡ. ವ್ಯಾಸೆಕ್ಟಮಿ ಆದ ದಿನದಿಂದಲೇ ಫಲ ಸಿಗುವುದಿಲ್ಲ ಎನ್ನುವುದನ್ನೂ ವೈರು ಹಿಡಿದೇ ವಿವರಿಸಬಹುದು: ಕಟ್ಟಿದ ಜಾಗದಿಂದ ಮೇಲಿನ ನಾಳದಲ್ಲಿ ಹಳೆಯ ವೀರ್ಯಾಣುಗಳು ಉಳಿದಿರುತ್ತವೆ, ಮೂರು ತಿಂಗಳು ಬೇರೆ ಸಾಧನ ಬಳಸಿ, ವೀರ್ಯ ಪರೀಕ್ಷೆಯಲ್ಲಿ ಇಲ್ಲವೆಂದು ಖಾತರಿಯಾದ ಮೇಲೆಯೇ ಬಿಡಬೇಕು.

ಆ ನೀಲಿ ಜಾಲಕ್ಕೆ ಇನ್ನೊಂದು ಕೆಲಸವೂ ಇದೆ. ಹೊಟ್ಟೆಯಿಂದ ಇಳಿಯುವ ಬಿಸಿ ರಕ್ತವನ್ನು ಮೇಲೇರುವ ತಣ್ಣನೆಯ ರಕ್ತ ತಂಪು ಮಾಡುತ್ತದೆ. ವೀರ್ಯಾಣು ತಯಾರಿಗೆ ದೇಹದ ಒಳತಾಪಕ್ಕಿಂತ 2ರಿಂದ 2.5 ಡಿಗ್ರಿ ಕಡಿಮೆ ಬೇಕು; ಚೀಲ ಹೊರಗೆ ತೂಗುವುದೂ, ಚಳಿಗೆ ಮುದುಡುವುದೂ ಅದಕ್ಕೇ. ಎಡಗಡೆಯ ಅಭಿಧಮನಿ ಎಡ ಮೂತ್ರಪಿಂಡದ ಅಭಿಧಮನಿಗೆ ಲಂಬಕೋನದಲ್ಲಿ ಸೇರುತ್ತದೆ, ಬಲಗಡೆಯದು ಮಹಾಭಿಧಮನಿಗೆ ಓರೆಯಾಗಿ. ಈ ಅಭಿಧಮನಿಗಳು ಉಬ್ಬಿಕೊಳ್ಳುವ ವೇರಿಕೋಸೀಲ್ ಹೆಚ್ಚಾಗಿ ಎಡಕ್ಕೇ ಬರುವುದರ ಹಿಂದೆ ಈ ಜೋಡಣೆ ಇದೆ. ಪೆಲ್ವಿಸ್ ಮಾಡೆಲ್ ಸೊಂಟಕ್ಕೇ ಮುಗಿಯುವುದರಿಂದ ಇದು ಅದರಲ್ಲಿ ಬರುವುದಿಲ್ಲ. ಬೋರ್ಡಿನ ಮೇಲೆ ಬರೆಯಬೇಕು.

ಸೆಮಿನಲ್ ವೆಸಿಕಲ್ ಬಗ್ಗೆ ಮಾಡೆಲ್ಲಿಗಿಂತ ಕಾರ್ಡಿನ ಮೇಲೆ ಸಿಟ್ಟು. ಕೆಲವು ಕಾರ್ಡುಗಳಲ್ಲಿ ‘ವೀರ್ಯಾಣು ಶೇಖರಿಸುವ ಚೀಲ’ ಎಂದೇ ಅಚ್ಚಾಗಿರುತ್ತದೆ. ಹೆಸರು ಹಾಗೆ ಕೇಳಿಸುತ್ತದೆ ನಿಜ, ಕೆಲಸ ಅದಲ್ಲ. ವೀರ್ಯಾಣು ಕಾದು ಕೂರುವುದು ಎಪಿಡಿಡಿಮಿಸ್ಸಿನ ಬಾಲದಲ್ಲಿ. ವೆಸಿಕಲ್ ಎಂಬುದು ಸುಮಾರು 5 ಸೆಂ.ಮೀ. ಉದ್ದದ, ಮಡಿಕೆ ಬಿದ್ದ ಗ್ರಂಥಿ. ವೀರ್ಯದ ದ್ರವದಲ್ಲಿ ಮೂರರಲ್ಲಿ ಎರಡು ಪಾಲು ಅದರದ್ದು. ವೀರ್ಯಾಣುವಿಗೆ ಇಂಧನವಾಗುವ ಫ್ರಕ್ಟೋಸ್ ಕೊಡುವುದು ಇದು, ವೀರ್ಯ ಹೊರಬಂದ ಕೂಡಲೇ ಗಂಜಿಯ ಹಾಗೆ ಹೆಪ್ಪಾಗುವುದೂ ಇದರ ಪ್ರೋಟೀನಿನಿಂದ. ಪ್ರಾಸ್ಟೇಟಿನ ದ್ರವದಲ್ಲಿರುವ ಪಿಎಸ್‌ಎ ಎಂಬ ಕಿಣ್ವ ಆ ಹೆಪ್ಪನ್ನು ಕರಗಿಸುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಲ್ಯಾಬಿನಲ್ಲಿ ಮಾದರಿ ಕೊಟ್ಟ ತಕ್ಷಣ ಸ್ಲೈಡಿಗೆ ಹಾಕದೆ ಕಾಯುವುದು ಅದಕ್ಕೆ. ಇನ್ನೊಂದು: ಮೊದಲು ಹೊರಬರುವ ಪಾಲಿನಲ್ಲಿ ಪ್ರಾಸ್ಟೇಟಿನ ದ್ರವ ಮತ್ತು ವೀರ್ಯಾಣು ಹೆಚ್ಚು, ವೆಸಿಕಲ್ಲಿನ ದ್ರವ ಆಮೇಲೆ. ಡಬ್ಬಿಗೆ ಹಿಡಿಯುವಾಗ ಮೊದಲ ಹನಿ ಹೊರಗೆ ಬಿದ್ದರೆ ಎಣಿಕೆ ಸುಮ್ಮಸುಮ್ಮನೆ ಕಡಿಮೆ ಬರುತ್ತದೆ. ಎಷ್ಟೋ ದಂಪತಿಗಳ ಆತಂಕಕ್ಕೆ ಕಾರಣ ಇಷ್ಟೇ ಇರುತ್ತದೆ.

ವೀರ್ಯನಾಳ ಮತ್ತು ವೆಸಿಕಲ್ಲಿನ ನಾಳ ಕೂಡಿ ಆಗುವ ಸ್ಖಲನನಾಳ ಸುಮಾರು 2 ಸೆಂ.ಮೀ. ಮಾತ್ರ, ಪೂರ್ತಿ ಪ್ರಾಸ್ಟೇಟಿನ ಒಳಗೇ ಸಾಗಿ ಯುರೆಥ್ರಾದ ಹಿಂಗೋಡೆಯ ಒಂದು ಸಣ್ಣ ದಿಬ್ಬದ ಮೇಲೆ ತೆರೆಯುತ್ತದೆ. ಮಾಡೆಲ್ಲಿನಲ್ಲಿ ಈ ತೂತು ಎಲ್ಲಿದೆ ಎಂದು ಟಾರ್ಚ್ ಬಿಟ್ಟು ನೋಡಿ. ಪ್ರಾಸ್ಟೇಟಿನ ನಡುಭಾಗದಲ್ಲಿದ್ದರೆ ಒಳ್ಳೆಯ ಅಚ್ಚು. ಮೂತ್ರಕೋಶದ ಕತ್ತಿನಲ್ಲಿ ತೆರೆದಿದ್ದರೆ ಒಂದು ಮುಖ್ಯ ಪಾಠವೇ ಕೆಟ್ಟಿತು. ಸ್ಖಲನದ ಹೊತ್ತಿನಲ್ಲಿ ಮೂತ್ರಕೋಶದ ಕತ್ತು ಬಿಗಿಯುತ್ತದೆ, ಅದರ ಕೆಳಗೆ ವೀರ್ಯ ಯುರೆಥ್ರಾಕ್ಕೆ ಬರುತ್ತದೆ. ಹಾಗಾಗಿ ಮೂತ್ರ ಬೆರೆಯುವುದಿಲ್ಲ, ವೀರ್ಯ ಹಿಂದಕ್ಕೂ ಹೋಗುವುದಿಲ್ಲ. ಹಳೆಯ ಸಕ್ಕರೆ ಕಾಯಿಲೆಯಿಂದ ನರ ಕೆಟ್ಟವರಲ್ಲಿ, ಪ್ರಾಸ್ಟೇಟ್ ಆಪರೇಷನ್ ಆದವರಲ್ಲಿ, ಪ್ರಾಸ್ಟೇಟ್ ಊದಿದ್ದಕ್ಕೆ ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಬಿಗಿ ಸಡಿಲವಾಗಿ ‘ಏನೂ ಬರುತ್ತಿಲ್ಲ’ ಎನ್ನುವ ದೂರು ಬರುತ್ತದೆ.

ಪ್ರಾಸ್ಟೇಟಿನ ಜಾಗ ಎಲ್ಲ ಮಾಡೆಲ್‌ಗಳಲ್ಲೂ ಸರಿಯಾಗಿರುತ್ತದೆ. ದೊಡ್ಡ ನೆಲ್ಲಿಕಾಯಿ ಗಾತ್ರ, ಸುಮಾರು 20 ಗ್ರಾಂ, ಹಿಂದೆ ಗುದನಾಳಕ್ಕೆ ಒರಗಿಕೊಂಡಿರುತ್ತದೆ. ಬೆರಳು ಹಾಕಿ ಪರೀಕ್ಷೆ ಹೇಗೆ ಸಾಧ್ಯ ಎನ್ನುವುದಕ್ಕೆ ಸೀಳಿದ ಮುಖಕ್ಕಿಂತ ಒಳ್ಳೆಯ ಚಿತ್ರ ಬೇರೆ ಇಲ್ಲ. ಕೊರತೆ ಏನೆಂದರೆ ಒಳಗೆ ಒಂದೇ ಬಣ್ಣ. ವಯಸ್ಸಾದ ಮೇಲೆ ಊದಿಕೊಳ್ಳುವುದು ಯುರೆಥ್ರಾವನ್ನು ಸುತ್ತಿದ ಒಳಪದರ, ಅದಕ್ಕೇ ಮೂತ್ರ ಕಟ್ಟುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹಿಂಬದಿಯ ಹೊರಪದರದಲ್ಲಿ, ಅದಕ್ಕೇ ಮೊದಮೊದಲು ಮೂತ್ರಕ್ಕೆ ತೊಂದರೆಯೇ ಕಾಣುವುದಿಲ್ಲ. ಎರಡು ಬಣ್ಣ ಬಳಿದಿದ್ದರೆ ಮುಗಿಯುತ್ತಿತ್ತು, ಯಾರೂ ಬಳಿಯುವುದಿಲ್ಲ. ಕೌಪರ್ ಗ್ರಂಥಿಗಳಂತೂ ಬಟಾಣಿ ಕಾಳಿನ ಗಾತ್ರದವು, ಪ್ರಾಸ್ಟೇಟಿನ ಕೆಳಗೆ ಎರಡೂ ಪಕ್ಕ. ಮಾಡೆಲ್ಲಿನಲ್ಲಿ ಒಂದು ಹಳದಿ ಚುಕ್ಕೆ ಇದ್ದರೆ ಸಮಾಧಾನಪಟ್ಟುಕೊಳ್ಳಿ.

ನರ್ಸಿಂಗ್ ಸ್ಕೂಲಿನವರು ಕೊಳ್ಳುವುದು ಕ್ಯಾಥೆಟರ್ (ಮೂತ್ರ ತೆಗೆಯುವ ಕೊಳವೆ) ಪಾಠಕ್ಕೆಂದಾದರೆ ಇಲ್ಲಿ ನಿಧಾನಿಸಿ ಓದಿ. ಗಂಡಸಿನ ಯುರೆಥ್ರಾ 18ರಿಂದ 20 ಸೆಂ.ಮೀ., ಹೆಂಗಸಿನದು 4 ಸೆಂ.ಮೀ. ಮಾತ್ರ. ಗಂಡಸಿನದರಲ್ಲಿ ಎರಡು ತಿರುವು: ಒಂದು ಶಿಶ್ನ ಜೋತು ಬಿದ್ದಿರುವ ಕಡೆ, ಇನ್ನೊಂದು ಪ್ಯೂಬಿಕ್ ಮೂಳೆಯ ಕೆಳಗೆ. ಶಿಶ್ನವನ್ನು ಮೇಲೆತ್ತಿ ಹಿಡಿದರೆ ಮೊದಲನೆಯದು ನೇರವಾಗುತ್ತದೆ, ಎರಡನೆಯದು ಹಾಗೇ ಉಳಿಯುತ್ತದೆ. ಈ ಮಾಡೆಲ್‌ಗಳಲ್ಲಿ ಶಿಶ್ನ ಗಟ್ಟಿ ಪಿವಿಸಿ, ಜೋತ ಭಂಗಿಯಲ್ಲೇ ಅಚ್ಚಾಗಿದೆ, ಎತ್ತಲು ಬರುವುದಿಲ್ಲ. ನಿಜವಾದ ಕ್ಯಾಥೆಟರ್ ತೂರಿಸಿ ಕಲಿಸಲು ಹೋದರೆ ತಪ್ಪು ಭಂಗಿಯನ್ನೇ ಕಲಿಸಿದಂತೆ. ದಾರಿ ತೋರಿಸಲು ಮಾತ್ರ ಬಳಸಿ: ಸೀಳಿದ ಕಾಲುವೆಯ ಮೇಲೆ 16 ನಂಬರಿನ ಫೋಲಿ ಕ್ಯಾಥೆಟರನ್ನು ಮಲಗಿಸಿ, ಬಲೂನು ಎಲ್ಲಿ ಬರುತ್ತದೆ ನೋಡಿ. ಮೂತ್ರ ಕಂಡ ಕೂಡಲೇ ಬಲೂನು ಉಬ್ಬಿಸಿದರೆ ಅದು ಇನ್ನೂ ಪ್ರಾಸ್ಟೇಟಿನ ಒಳಗೇ ಇರಬಹುದು ಎನ್ನುವುದು ಒಂದೇ ನೋಟಕ್ಕೆ ಕಾಣುತ್ತದೆ, ಏಕೆಂದರೆ ಮೂತ್ರ ಬರುವ ತೂತು ತುದಿಯಲ್ಲಿದೆ, ಬಲೂನು ಅದಕ್ಕಿಂತ ಹಿಂದಿದೆ. ಅದಕ್ಕೇ ಕ್ಯಾಥೆಟರಿನ ಹೊರತುದಿಯ ಕವಲಿನವರೆಗೆ ಪೂರ್ತಿ ಒಳಗೆ ತಳ್ಳಿ, ಆಮೇಲೆ 10 ಮಿ.ಲೀ. ಸ್ಟೆರೈಲ್ ವಾಟರ್. ಉಬ್ಬಿಸುವಾಗ ನೋವೆಂದರೆ, ತಡೆ ಸಿಕ್ಕರೆ ನಿಲ್ಲಿಸಬೇಕು. ಮುಗಿದ ಮೇಲೆ ಹಿಂದೆ ಸರಿಸಿದ ಮುಂದೊಗಲನ್ನು ಮತ್ತೆ ಮುಂದಕ್ಕೆ ತರಬೇಕು, ಇಲ್ಲದಿದ್ದರೆ ಬಿಗಿದುಕೊಂಡು ಊತ ಬರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಮುಂದೊಗಲೇ ಇರುವುದಿಲ್ಲ, ಆ ಪಾಠ ಬಾಯಲ್ಲೇ ಆಗಬೇಕು. ಕೈ ಕೆಲಸ ಕಲಿಸಲು ಮೆತ್ತನೆಯ ರಬ್ಬರಿನ ಕ್ಯಾಥೆಟರ್ ಸಿಮ್ಯುಲೇಟರ್ ಬೇರೆಯೇ ಸಿಗುತ್ತದೆ.

ಶಿಶ್ನದ ಒಳರಚನೆ ಉದ್ದ ಸೀಳಿನಲ್ಲಿ ತಿಳಿಯುವುದೇ ಇಲ್ಲ. ಮೇಲೆ ಜೋಡಿಯಾಗಿ ಸ್ಪಂಜಿನಂಥ ಎರಡು ಕಂಬ, ಅಂದರೆ ಕಾರ್ಪೋರಾ ಕ್ಯಾವರ್ನೋಸಾ, ಕೆಳಗೆ ಯುರೆಥ್ರಾವನ್ನು ಹೊತ್ತ ಒಂದು ಕಾರ್ಪಸ್ ಸ್ಪಾಂಜಿಯೋಸಮ್, ಅದೇ ತುದಿಯಲ್ಲಿ ಹಿಗ್ಗಿ ಶಿಶ್ನಮಣಿ ಆಗುತ್ತದೆ. ಎರಡು ಪೆನ್ಸಿಲ್, ಕೆಳಗೊಂದು ಜ್ಯೂಸ್ ಸ್ಟ್ರಾ ಇಟ್ಟು ರಬ್ಬರ್ ಬ್ಯಾಂಡ್ ಹಾಕಿದರೆ ಮಾಡೆಲ್ಲಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ನಿಮಿರುವಿಕೆಯಲ್ಲಿ ಮೂಳೆಯ ಪಾತ್ರವಿಲ್ಲ. ನಾಯಿಗೆ ಅಲ್ಲಿ ಮೂಳೆ ಇದೆ, ಮನುಷ್ಯನಿಗಿಲ್ಲ. ನರದಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ ಅಪಧಮನಿಗಳು ಹಿಗ್ಗುತ್ತವೆ, ಮೇಲಿನೆರಡು ಕಂಬಗಳು ರಕ್ತದಿಂದ ತುಂಬುತ್ತವೆ, ತುಂಬಿದ ಒತ್ತಡಕ್ಕೆ ಹೊರಹೋಗುವ ಅಭಿಧಮನಿಗಳು ಗಟ್ಟಿ ಹೊದಿಕೆಗೆ ಒತ್ತಿ ಮುಚ್ಚಿಕೊಳ್ಳುತ್ತವೆ. ಸ್ಪಾಂಜಿಯೋಸಮ್ ಅಷ್ಟು ಗಡುಸಾಗುವುದಿಲ್ಲ, ಹಾಗೆ ಆಗಿದ್ದರೆ ಯುರೆಥ್ರಾವೇ ಹಿಸುಕಿಹೋಗುತ್ತಿತ್ತು. ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತಿರುವುದರ ಮೊದಲ ಸೂಚನೆ ಎಷ್ಟೋ ಸಲ ಇಲ್ಲಿಯೇ ಕಾಣುವುದರಿಂದ, ನಿಮಿರು ದೌರ್ಬಲ್ಯ ಎಂದು ಬಂದವರಿಗೆ ವೈದ್ಯರು ಸಕ್ಕರೆ, ಬಿಪಿ, ಹೃದಯ ನೋಡುತ್ತಾರೆ.

ಕಾರ್ಡಿನ ಹಿಂಬದಿಯಲ್ಲಿ ಅಂಕಿಅಂಶ ಅಚ್ಚಾಗಿದ್ದರೆ ಜೋಪಾನ. ಎನ್‌ಸಿಇಆರ್‌ಟಿ ಪಠ್ಯದಲ್ಲಿ ಒಂದು ಸ್ಖಲನಕ್ಕೆ 20ರಿಂದ 30 ಕೋಟಿ ವೀರ್ಯಾಣು, ಸಹಜ ಫಲವಂತಿಕೆಗೆ ಶೇ. 60ರಷ್ಟು ಸರಿಯಾದ ಆಕಾರದವು, ಶೇ. 40ರಷ್ಟು ಚುರುಕಾಗಿ ಚಲಿಸುವಂಥವು ಇರಬೇಕು ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಮಿತಿ ಬೇರೆ: ಪ್ರಮಾಣ 1.4 ಮಿ.ಲೀ., ಒಟ್ಟು 3.9 ಕೋಟಿ, ಚಲನೆ ಶೇ. 42, ಸಹಜ ಆಕಾರ ಕೇವಲ ಶೇ. 4. ಅರವತ್ತೆಲ್ಲಿ, ನಾಲ್ಕೆಲ್ಲಿ! ಆಕಾರ ಅಳೆಯುವ ನಿಯಮ ಈಗ ಬಹಳ ಕಟ್ಟುನಿಟ್ಟು, ಅದಕ್ಕೆ ಈ ಅಂತರ. ಪರೀಕ್ಷೆಯಲ್ಲಿ ಪಠ್ಯದ್ದೇ ಬರೆಯಬೇಕು, ಆದರೆ ಶೇ. 5 ಎಂದು ರಿಪೋರ್ಟ್ ಬಂದ ಅಣ್ಣನಿಗೆ ಪಿಯುಸಿ ಓದುವ ತಮ್ಮ ಧೈರ್ಯಗೆಡಿಸಬಾರದು.

ಬಾಳಿಕೆಯ ಮಾತು. ಪಿವಿಸಿ ಬಿದ್ದರೂ ಒಡೆಯುವುದಿಲ್ಲ, ಫೈಬರ್‌ಗ್ಲಾಸ್ ಅಂಚು ಸಿಡಿಯುತ್ತದೆ, ಪ್ಲಾಸ್ಟರಿನದ್ದಂತೂ ಕೈಗೆ ಸುಣ್ಣ ಮೆತ್ತುತ್ತದೆ. ಹಾಗಾಗಿ ಪಿವಿಸಿಯೇ ಸರಿ, ಆದರೆ ಅದಕ್ಕೆ ಮೂರು ಶತ್ರು. ಮೊದಲನೆಯದು ಸ್ಪಿರಿಟ್: ಲ್ಯಾಬ್ ಅಟೆಂಡರ್ ಅಭ್ಯಾಸಬಲದಿಂದ ಅದರಲ್ಲೇ ಒರೆಸಿದರೆ ಬಣ್ಣವೂ ಅಂಕಿಯೂ ಒಟ್ಟಿಗೆ ಎದ್ದು ಬರುತ್ತವೆ. ಸೋಪುನೀರಿನಲ್ಲಿ ಹಿಂಡಿದ ಬಟ್ಟೆ ಸಾಕು. ಎರಡನೆಯದು ಶಾಯಿ: ಬಾಲ್ ಪೆನ್ನಿನ ಗೀಟು ಪಿವಿಸಿಯೊಳಗೆ ಇಳಿದು ಹರಡುತ್ತದೆ, ಹೋಗುವುದಿಲ್ಲ, ದಿನಪತ್ರಿಕೆಯಲ್ಲಿ ಸುತ್ತಿಟ್ಟರೆ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಮೂತ್ರಕೋಶದ ಮೇಲೆ ಜಾಹೀರಾತಿನ ಅಚ್ಚು ಮೂಡಿರುತ್ತದೆ. ಬಿಳಿ ಹತ್ತಿ ಬಟ್ಟೆ ಹೊದಿಸಿ. ಮೂರನೆಯದು ಬಿಸಿಲು. ಕಲಬುರಗಿ, ರಾಯಚೂರು ಕಡೆ ಏಪ್ರಿಲ್‌ನಲ್ಲಿ ಕಿಟಕಿ ಪಕ್ಕ ಇಟ್ಟರೆ ಮೈ ಜಿಗುಟಾಗಿ, ತೆಳು ಭಾಗ ಬಾಗುತ್ತದೆ. ತುಂಡುಗಳ ಕೂಡುವಿಕೆ ಬಿಗಿಯಾಗಿದ್ದರೆ ಗೂಟಕ್ಕೆ ಚಿಟಿಕೆ ಟಾಲ್ಕಂ ಪೌಡರ್, ಎಣ್ಣೆ ಬೇಡ. ಗೂಟದ ಬದಲು ಅಯಸ್ಕಾಂತ ಇರುವುದು ಸಿಕ್ಕರೆ ಒಳ್ಳೆಯದು, ಆದರೆ ಅಲ್ಲಾಡಿಸಿ ನೋಡಿ: ಒಳಗೆ ಗಲಗಲ ಸದ್ದು ಬಂದರೆ ಅಯಸ್ಕಾಂತ ಆಗಲೇ ಕಿತ್ತಿದೆ. ಅಂಕಿಗಳು ಸ್ಟಿಕ್ಕರ್ ಆಗಿದ್ದರೆ ಒಂದೇ ವರ್ಷ. ಅಚ್ಚಿನಲ್ಲೇ ಮೂಡಿಸಿದ್ದು ಅಥವಾ ಬಣ್ಣದಲ್ಲಿ ಬರೆದದ್ದು ಕೇಳಿ.

ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಇರಲಿ, ಸ್ಥಳೀಯ ಕೊಟೇಷನ್ ಇರಲಿ, ‘ಮೇಲ್ ಪೆಲ್ವಿಸ್ ಸೆಕ್ಷನ್, ಒಂದು’ ಎಂದಷ್ಟೇ ಬರೆದರೆ ಅತಿ ಅಗ್ಗದ್ದು ಬಂದು ಬೀಳುತ್ತದೆ, ಮತ್ತೆ ತಕರಾರು ಎತ್ತಲು ಆಧಾರವೂ ಇರುವುದಿಲ್ಲ. ಹೀಗೆ ಬರೆಯಿರಿ: ಜೀವಗಾತ್ರ, ಪಿವಿಸಿ, ನಾಲ್ಕು ಭಾಗ; ಮೂತ್ರಕೋಶ ಮತ್ತು ಪ್ರಾಸ್ಟೇಟ್ ಬಿಚ್ಚಿ ತೆಗೆಯುವಂತಿರಬೇಕು; ಅದರ ಹಿಂಬದಿಯಲ್ಲಿ ಎರಡೂ ಸೆಮಿನಲ್ ವೆಸಿಕಲ್, ಎರಡೂ ವೀರ್ಯನಾಳ, ಯುರೇಟರ್ ತುದಿ ಕಾಣಬೇಕು; ವೃಷಣದ ರಕ್ತನಾಳ ಕೆಂಪು ನೀಲಿಯಲ್ಲಿ ಬೇರೆಬೇರೆ ಇರಬೇಕು; ಶಿಶ್ನದ ಅಡ್ಡ ಸೀಳು ಇದ್ದರೆ ಆದ್ಯತೆ. ಕೊನೆಗೊಂದು ಸಾಲು ಸೇರಿಸಿ, ಬಿಡಿ ಭಾಗ ಪ್ರತ್ಯೇಕವಾಗಿ ಸಿಗಬೇಕು ಎಂದು. ನಾಲ್ಕು ತುಂಡುಗಳಲ್ಲಿ ಮೊದಲು ಕಳೆದುಹೋಗುವುದು ಯಾವುದು ಎಂದು ಯಾವ ಲ್ಯಾಬ್ ಅಟೆಂಡರನ್ನು ಕೇಳಿದರೂ ನಗುತ್ತಲೇ ಹೇಳುತ್ತಾರೆ, ಅದು ಮೂತ್ರಕೋಶವಂತೂ ಅಲ್ಲ.